ಮರುಕಳಿಸುವ ಅಲರ್ಜಿ: ಕಾರಣ ಪತ್ತೆ ಮಾಡುವ ವಿಧಾನ ಹಾಗೂ ಮನೆಯಲ್ಲಿ ಕೈಗೊಳ್ಳಬಹುದಾದ ಉಪಶಮನ ಕ್ರಮಗಳು

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಬೆಳಗ್ಗೆ ಎದ್ದೊಡನೆ ಒಂದರ ಹಿಂದೊಂದು ಸೀನು, ಮೂಗಿನಿಂದ ನೀರು ಸುರಿಯುವುದು, ಕಣ್ಣಿನ ತುರಿಕೆ, ಮೈಮೇಲೆ ಏಳುವ ಗಂಧೆ, ಕತ್ತು ಹಾಗೂ ಕಣ್ಣುರೆಪ್ಪೆಗಳ ಮೇಲಿನ ಇಸಬು, ರಾತ್ರಿಯ ಉಬ್ಬಸ ಮುಂತಾದ ತೊಂದರೆಗಳಿಂದ ಬಳಲುವವರು ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ವರ್ಷದಲ್ಲಿ ಹಲವು ಬಾರಿ ಬರುವುದುಂಟು. ಮಾತ್ರೆ ಸೇವಿಸುವವರೆಗೆ ಶಮನವಾಗಿದ್ದು, ನಿಲ್ಲಿಸಿದ ನಾಲ್ಕಾರು ದಿನಗಳಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಇಂತಹ ತೊಂದರೆಗಳ ಸ್ವಭಾವವಾಗಿರುತ್ತದೆ. ರಕ್ತ ಪರೀಕ್ಷೆಯೊಂದನ್ನು ಮಾಡಿಸಿದಲ್ಲಿ ಯಾವ ವಸ್ತುವಿನಿಂದ ಅಲರ್ಜಿ ಎಂಬುದು ಪಟ್ಟಿಯ ರೂಪದಲ್ಲಿ ದೊರೆಯುತ್ತದೆ ಎಂಬ ನಂಬಿಕೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ವಾಸ್ತವವಾಗಿ, ಕಾರಣವನ್ನು ಪತ್ತೆ ಮಾಡುವ ಕೆಲಸದ ಬಹುಪಾಲು ರೋಗಿಯ ಮನೆಯಲ್ಲಿ ಹಾಗೂ ಕೆಲಸದ ಸ್ಥಳದಲ್ಲಿಯೇ ನಡೆಯಬೇಕಾಗಿದ್ದು, ಪ್ರಯೋಗಾಲಯದ ಪರೀಕ್ಷೆಯು ಅನುಮಾನವನ್ನು ದೃಢಪಡಿಸಿಕೊಳ್ಳುವ ಹಂತದಲ್ಲಿ ಮಾತ್ರ ಉಪಯುಕ್ತವಾಗಿರುತ್ತದೆ. ಅದನ್ನು ಕ್ರಮಬದ್ಧವಾಗಿ ಮಾಡುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ. ಈ ಮಾಹಿತಿಯು ವೈದ್ಯರ ಸಲಹೆಗೆ ಪರ್ಯಾಯವಲ್ಲ.

ತುರ್ತು ಸಂದರ್ಭ: ಮೊದಲು ಓದಬೇಕಾದ ಭಾಗ

ಆಹಾರ, ಔಷಧ ಅಥವಾ ಜೇನು, ಕಣಜ ಮುಂತಾದ ಕೀಟಗಳ ಕಡಿತದ ನಂತರ ಕೆಲವೇ ನಿಮಿಷಗಳಲ್ಲಿ ಮೈತುಂಬ ಗಂಧೆ ಏಳುವುದರೊಂದಿಗೆ ತುಟಿ ಅಥವಾ ನಾಲಿಗೆ ಊದಿಕೊಳ್ಳುವುದು, ಧ್ವನಿ ಒಡೆಯುವುದು, ಉಸಿರು ಕಟ್ಟುವುದು, ಪದೇ ಪದೇ ವಾಂತಿ, ಕಣ್ಣು ಕತ್ತಲಿಟ್ಟು ಕುಸಿಯುವುದು ಇವುಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ಅದು ಪ್ರಾಣಾಪಾಯದ ಸೂಚನೆ. ಕೂಡಲೇ 108 ಸಂಖ್ಯೆಗೆ ಕರೆ ಮಾಡುವುದು ಅಥವಾ ಲಭ್ಯವಿರುವ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಕೊಂಡೊಯ್ಯುವುದು ಅತ್ಯಗತ್ಯ. ರೋಗಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟಕ್ಕೆ ಕಷ್ಟವಿದ್ದಲ್ಲಿ ಒರಗಿ ಕೂರಲು ಬಿಡಬಹುದು. ಎದ್ದು ನಿಲ್ಲಿಸುವುದಾಗಲಿ ನಡೆಸುವುದಾಗಲಿ ಸಲ್ಲದು. ಈ ಸ್ಥಿತಿಗೆ ಮೊದಲ ಔಷಧ ತೊಡೆಯ ಸ್ನಾಯುವಿಗೆ ನೀಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆಯೊಂದನ್ನು ನುಂಗಿಸಿ, ಇಳಿಯುವುದೇ ನೋಡೋಣ ಎಂದು ಮನೆಯಲ್ಲಿ ಕಾಯುವುದರಿಂದ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ. ಗುಣವಾದಂತೆ ಕಂಡ ಕೆಲವು ಗಂಟೆಗಳ ನಂತರ ಲಕ್ಷಣಗಳು ಮರಳುವ ಸಾಧ್ಯತೆಯಿರುವುದರಿಂದ, ವೈದ್ಯರು ಬಿಡುಗಡೆ ಮಾಡುವವರೆಗೆ ಆಸ್ಪತ್ರೆಯಲ್ಲಿಯೇ ಇರತಕ್ಕದ್ದು.

ಅಲರ್ಜಿ ಎಂದರೇನು

ಇತರರಿಗೆ ಯಾವ ತೊಂದರೆಯನ್ನೂ ಉಂಟುಮಾಡದ ವಸ್ತುವೊಂದನ್ನು ಕೆಲವರ ಶರೀರವು ಶತ್ರುವೆಂದು ಭಾವಿಸಿ ಪ್ರತಿಕ್ರಿಯಿಸುವುದೇ ಅಲರ್ಜಿ ಅಥವಾ ಒಗ್ಗದಿಕೆ. ಅಲರ್ಜಿ ಎಂಬ ಪದವನ್ನು 1906ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ ಅವರು ಬಳಕೆಗೆ ತಂದರು. ಈ ಪ್ರತಿಕ್ರಿಯೆಯಲ್ಲಿ ಎರಡು ಬಗೆಗಳಿದ್ದು, ಕಾರಣ ಹುಡುಕುವವರು ಅವುಗಳ ವ್ಯತ್ಯಾಸವನ್ನು ತಿಳಿದಿರುವುದು ಅವಶ್ಯಕ. ಸೀನು, ಉಬ್ಬಸ, ಗಂಧೆ ಮೊದಲಾದವು ರಕ್ತದಲ್ಲಿನ ಐಜಿಇ ಎಂಬ ಪ್ರತಿಕಾಯದ ಮೂಲಕ ಉಂಟಾಗುವಂತಹವು. ವಸ್ತುವಿನ ಸಂಪರ್ಕವಾದ ಕೆಲವು ನಿಮಿಷಗಳಿಂದ ಸುಮಾರು 2 ಗಂಟೆಯೊಳಗೆ ಇವು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತವೆ. ಚರ್ಮಕ್ಕೆ ತಗುಲಿದ ವಸ್ತುವಿನಿಂದಾಗುವ ಇಸಬು ಮಾತ್ರ ನಿಧಾನವಾಗಿ, 1ರಿಂದ 3 ದಿನಗಳ ನಂತರ ಏಳುತ್ತದೆ. ಆದ್ದರಿಂದ ಸೀನಿದವರು ಆ ಗಳಿಗೆಯನ್ನೂ, ಇಸಬು ಎದ್ದವರು ಮೊನ್ನೆಯ ದಿನವನ್ನೂ ನೆನಪಿಸಿಕೊಳ್ಳಬೇಕಾಗುತ್ತದೆ.

"ಇದೇ ಬಣ್ಣವನ್ನು ಹತ್ತು ವರ್ಷದಿಂದ ತಲೆಗೆ ಹಚ್ಚುತ್ತಿದ್ದೇನೆ, ಇದರಿಂದ ಆಗಿರಲಾರದು" ಎಂಬ ಮಾತು ವೈದ್ಯರ ಮುಂದೆ ಮತ್ತೆ ಮತ್ತೆ ಬರುವಂತಹದು. ಅಲರ್ಜಿಯು ಯಾವ ವಯಸ್ಸಿನಲ್ಲಾದರೂ ಆರಂಭವಾಗಬಹುದು. ದೀರ್ಘಕಾಲ ನಿರಾತಂಕವಾಗಿ ಬಳಸಿದ ವಸ್ತುವಿಗೇ ಒಂದು ದಿನ ಶರೀರವು ಪ್ರತಿಕ್ರಿಯಿಸತೊಡಗುವುದು ಸಾಮಾನ್ಯವಾಗಿರುವುದರಿಂದ, ಹಳೆಯ ಬಳಕೆಯೆಂಬ ಕಾರಣಕ್ಕೆ ಯಾವ ವಸ್ತುವನ್ನೂ ಪಟ್ಟಿಯಿಂದ ಕೈಬಿಡತಕ್ಕದ್ದಲ್ಲ.

ಅಲರ್ಜಿಯೆಂದು ತಪ್ಪಾಗಿ ತಿಳಿಯಲಾಗುವ ತೊಂದರೆಗಳು

ವರ್ಷಗಟ್ಟಲೆ ಅಲರ್ಜಿ ಮಾತ್ರೆ ಸೇವಿಸಿದವರಲ್ಲಿ ಕೆಲವರಿಗೆ ಮೂಲದಲ್ಲಿ ಅಲರ್ಜಿಯೇ ಇರುವುದಿಲ್ಲ. ರಾತ್ರಿ ವೇಳೆ ಹೆಚ್ಚಾಗುವ ತುರಿಕೆ, ಬೆರಳುಗಳ ಸಂದಿಯಲ್ಲಿ ಗುಳ್ಳೆ, ಮನೆಯ ಇತರ ಸದಸ್ಯರಿಗೂ ಅದೇ ತೊಂದರೆ ಇದ್ದಲ್ಲಿ ಅದು ಹುಳುವಿನಿಂದ ಹರಡುವ ಕಜ್ಜಿಯಾಗಿದ್ದು, ಮನೆಯವರೆಲ್ಲರೂ ಒಂದೇ ದಿನ ಮುಲಾಮು ಹಚ್ಚಿಕೊಳ್ಳದ ಹೊರತು ವಾಸಿಯಾಗದು. ಎರಡು ವಾರಕ್ಕಿಂತ ಹೆಚ್ಚು ದಿನ ಕೆಮ್ಮು ಇರುವವರು ಧೂಳಿನ ಅಲರ್ಜಿ ಎಂದು ಸುಮ್ಮನಿರದೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡಲಾಗುವ ಕಫ ಪರೀಕ್ಷೆಯನ್ನು ಮಾಡಿಸಿ ಕ್ಷಯರೋಗವಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.

ನಮ್ಮಲ್ಲಿ ಅನೇಕರು ತಮಗೆ "ಈಸ್ನೋಫಿಲಿಯಾ" ಇದೆಯೆಂದು ಹೇಳಿಕೊಳ್ಳುತ್ತಾರೆ. ಅದು ಕಾಯಿಲೆಯ ಹೆಸರಲ್ಲ. ರಕ್ತದಲ್ಲಿನ ಈಸ್ನೋಫಿಲ್ ಎಂಬ ಬಿಳಿ ಕಣಗಳು ಹೆಚ್ಚಾಗಿರುವುದನ್ನು ಸೂಚಿಸುವ ಪದ. ಅಲರ್ಜಿಯಲ್ಲಿ ಈ ಕಣಗಳು ಹೆಚ್ಚುವಂತೆಯೇ ಜಂತುಹುಳುವಿನ ಬಾಧೆಯಲ್ಲಿಯೂ, ಆನೆಕಾಲು ರೋಗದ ಸೂಕ್ಷ್ಮ ಹುಳುಗಳಿಂದಾಗುವ ಶ್ವಾಸಕೋಶದ ತೊಂದರೆಯಲ್ಲಿಯೂ ಹೆಚ್ಚುತ್ತವೆ. ಈ ಎರಡಕ್ಕೂ ಪ್ರತ್ಯೇಕ ಚಿಕಿತ್ಸೆ ಇದೆ. ಇನ್ನು ಒಗ್ಗರಣೆಯ ಘಾಟು, ಮೆಣಸಿನಕಾಯಿ ಕುಟ್ಟುವಾಗಿನ ಕೆಮ್ಮು ಎಲ್ಲರಿಗೂ ಆಗುವ ಕೆರಳಿಕೆಯೇ ಹೊರತು ಅಲರ್ಜಿಯಲ್ಲ.

ದಾಖಲೆ ಪುಸ್ತಕವನ್ನು ಇಡುವ ಕ್ರಮ

ಕಾರಣ ಪತ್ತೆಗೆ ಬೇಕಾಗುವ ಮುಖ್ಯ ಸಾಧನ ಒಂದು ನೋಟುಪುಸ್ತಕ. ಕನಿಷ್ಠ 4 ವಾರಗಳ ಕಾಲ, ತೊಂದರೆ ಕಾಣಿಸಿಕೊಂಡ ಪ್ರತಿ ಬಾರಿಯೂ ದಿನಾಂಕ, ವೇಳೆ, ಇದ್ದ ಸ್ಥಳ, ಮಾಡುತ್ತಿದ್ದ ಕೆಲಸ, ಹಿಂದಿನ 2 ಗಂಟೆಗಳಲ್ಲಿ ಸೇವಿಸಿದ ಆಹಾರ ಮತ್ತು ಔಷಧ, ತೊಂದರೆ ಎಷ್ಟು ಹೊತ್ತು ಇತ್ತು ಎಂಬುದನ್ನು ಬರೆಯತಕ್ಕದ್ದು. ಚರ್ಮದ ತೊಂದರೆಯಾದಲ್ಲಿ ಹಿಂದಿನ 3 ದಿನಗಳಲ್ಲಿ ಚರ್ಮಕ್ಕೆ ತಗುಲಿದ ಸಾಬೂನು, ಎಣ್ಣೆ, ಬಣ್ಣ, ಆಭರಣ, ಹೊಸ ಬಟ್ಟೆ, ಗಿಡಗಂಟಿ ಇವುಗಳ ವಿವರವನ್ನೂ ಸೇರಿಸಬೇಕು. ತೊಂದರೆಯಿಲ್ಲದ ದಿನಗಳನ್ನು ಸಹ "ಆರಾಮ" ಎಂದು ನಮೂದಿಸುವುದು ಅಗತ್ಯ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಆದರೆ ಆರಾಮವಿದ್ದ ದಿನ ಏನು ಇರಲಿಲ್ಲ ಎಂಬುದರಿಂದಲೇ ಅನೇಕ ವೇಳೆ ಸುಳಿವು ಸಿಗುತ್ತದೆ.

ಪುಸ್ತಕವನ್ನು ಓದುವಾಗ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಪರಸ್ಥಳಕ್ಕೆ ಹೋಗಿ ನಾಲ್ಕು ದಿನ ಉಳಿದಾಗ ತೊಂದರೆ ಕಡಿಮೆಯಾಯಿತೇ? ಹಾಗಿದ್ದಲ್ಲಿ ಕಾರಣ ಮನೆಯಲ್ಲಿದೆ. ವಾರದ ರಜೆಯ ದಿನ ಮಾತ್ರ ಆರಾಮವೇ? ಹಾಗಿದ್ದಲ್ಲಿ ಕೆಲಸದ ಸ್ಥಳವನ್ನು ಪರಿಶೀಲಿಸಬೇಕು. ಗಾರೆ ಕೆಲಸದವರ ಕೈಯ ಇಸಬು ಕೆಲಸವಿಲ್ಲದ ದಿನಗಳಲ್ಲಿ ಇಳಿಯುವುದು, ರೇಷ್ಮೆ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ಚಿಟ್ಟೆಯ ರೆಕ್ಕೆಪುಡಿಯ ನಡುವೆ ದುಡಿಯುವವರ ಉಬ್ಬಸ ರಜೆಯಲ್ಲಿ ತಗ್ಗುವುದು ಇದಕ್ಕೆ ಉದಾಹರಣೆಗಳು. ಬೆಳಗಿನ ಜಾವ ಹಾಸಿಗೆಯಲ್ಲಿರುವಾಗಲೇ ಸೀನು ಆರಂಭವಾಗುತ್ತದೆಯೋ ಅಥವಾ ಕಸ ಗುಡಿಸುವಾಗಲೋ? ಮಳೆಗಾಲದಲ್ಲಿ ಹೆಚ್ಚೋ, ಸುಗ್ಗಿಯ ಒಕ್ಕಣೆಯ ಕಾಲದಲ್ಲಿ ಹೆಚ್ಚೋ?

ಅನುಮಾನ ಬಂದ ನಂತರ ಒಂದು ಬಾರಿಗೆ ಒಂದೇ ಬದಲಾವಣೆಯನ್ನು ಮಾಡಿ 2ರಿಂದ 4 ವಾರ ಕಾಯತಕ್ಕದ್ದು. ಬತ್ತಿ, ಬೆಕ್ಕು, ಬದನೆಕಾಯಿ ಎಲ್ಲವನ್ನೂ ಒಂದೇ ದಿನ ಬಿಟ್ಟಲ್ಲಿ ಗುಣವಾದರೂ ಯಾವುದರಿಂದ ಎಂಬುದು ತಿಳಿಯುವುದಿಲ್ಲ. ಹಾಸಿಗೆಯ ಧೂಳಿನ ವಿಷಯದಲ್ಲಿ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಅದಕ್ಕೆ ಹಲವು ಕ್ರಮಗಳನ್ನು ಒಟ್ಟಿಗೇ ಕೈಗೊಂಡು 2-3 ತಿಂಗಳವರೆಗೆ ಕಾಯಬೇಕಾಗುತ್ತದೆ.

ಮಲಗುವ ಕೋಣೆ

ವರ್ಷವಿಡೀ ಸೀನು ಅಥವಾ ಉಬ್ಬಸ ಇರುವವರು ಮೊದಲು ಹುಡುಕಬೇಕಾದ ಸ್ಥಳ ತಮ್ಮ ಹಾಸಿಗೆ. ಮನೆಯ ಧೂಳಿನಲ್ಲಿ ಅಲರ್ಜಿ ಉಂಟುಮಾಡುವ ಮುಖ್ಯ ಅಂಶವು ಮಣ್ಣಲ್ಲ, ಸುಮಾರು 0.3 ಮಿಲಿಮೀಟರ್ ಗಾತ್ರದ, ಎಂಟು ಕಾಲುಗಳ ಧೂಳಿನ ನುಸಿ ಎಂಬ ಜೀವಿಯ ಹಿಕ್ಕೆ. ಇದನ್ನು 1960ರ ದಶಕದಲ್ಲಿ ನೆದರ್ಲ್ಯಾಂಡ್ಸ್ ದೇಶದ ಲೈಡನ್ ನಗರದ ಸಂಶೋಧಕರು ತೋರಿಸಿಕೊಟ್ಟರು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಈ ನುಸಿಯ ಆಹಾರ. ತೇವವಿರುವ ಗಾಳಿ ಅದರ ಅವಶ್ಯಕತೆ. ಹೀಗಾಗಿ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಇದರ ಬಾಧೆ ಹೆಚ್ಚು, ರಾಯಚೂರು, ಬಳ್ಳಾರಿಯಂತಹ ಒಣ ಪ್ರದೇಶದ ಬೇಸಿಗೆಯಲ್ಲಿ ಕಡಿಮೆ. ಇದು ಕಚ್ಚುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ.

ಹೊದಿಕೆ, ದಿಂಬಿನ ಚೀಲ ಹಾಗೂ ಹಾಸುಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಶಾಖದ, ಅಂದರೆ ಕೈ ಅದ್ದಲಾಗದಷ್ಟು ಬಿಸಿಯಾದ ನೀರಿನಲ್ಲಿ ನೆನೆಸಿ ಒಗೆಯಬೇಕು. ತಣ್ಣೀರಿನಲ್ಲಿ ಒಗೆದಾಗ ಹಿಕ್ಕೆಯ ಬಹುಭಾಗ ಹೋದರೂ ನುಸಿ ಸಾಯುವುದಿಲ್ಲ. ಹತ್ತಿ ಹಾಸಿಗೆ, ಕೌದಿ, ಕಂಬಳಿಗಳನ್ನು ಬಿಸಿಲಿಗೆ ಹಾಕುವ ನಮ್ಮ ಹಿರಿಯರ ಪದ್ಧತಿಯು ತೇವವನ್ನು ಹೀರಿ ನುಸಿಯನ್ನು ಕುಗ್ಗಿಸುವುದರಿಂದ ಅದನ್ನು ಮುಂದುವರಿಸುವುದು ಸೂಕ್ತ. ಎರಡೂ ಮಗ್ಗುಲುಗಳನ್ನು ಬಿಸಿಲಿಗೆ ಒಡ್ಡಿ, ಮನೆಯ ಹೊರಗೆ ಬಡಿದು, ನಂತರ ಒಳಗೆ ತರಬೇಕು. ಬಡಿಯುವ ಕೆಲಸವನ್ನು ಅಲರ್ಜಿಯಿಲ್ಲದವರು ಮಾಡಬೇಕು. ಹಲವು ವರ್ಷ ಹಳೆಯದಾದ ಹತ್ತಿಯ ದಿಂಬನ್ನು ಬದಲಿಸುವುದು ಮಾತ್ರೆಯ ಖರ್ಚಿಗಿಂತ ಅಗ್ಗ. ಒತ್ತಾದ ನೇಯ್ಗೆಯ ವಿಶೇಷ ಹಾಸಿಗೆ ಕವಚಗಳು ಮಾರುಕಟ್ಟೆಯಲ್ಲಿ ಲಭ್ಯವಿವೆಯಾದರೂ, ಬೇರೆ ಯಾವ ಕ್ರಮವನ್ನೂ ಕೈಗೊಳ್ಳದೆ ಕವಚವೊಂದನ್ನೇ ಹಾಕಿದಲ್ಲಿ ಹೇಳಿಕೊಳ್ಳುವ ಪ್ರಯೋಜನವಿಲ್ಲವೆಂದು ಅಧ್ಯಯನಗಳಿಂದ ತಿಳಿದುಬಂದಿದೆ.

ಮಲಗುವ ಕೋಣೆಯಲ್ಲಿ ಹಳೆಯ ಪತ್ರಿಕೆ, ಬಟ್ಟೆಗಂಟು, ರತ್ನಗಂಬಳಿ, ದಪ್ಪ ಪರದೆಗಳನ್ನು ಇಡಬಾರದು. ಪೊರಕೆಯಿಂದ ಒಣಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಗುಡಿಸಲೇಬೇಕಾದಲ್ಲಿ ಅಲರ್ಜಿ ಇರುವವರು ಅರ್ಧ ಗಂಟೆ ಹೊರಗಿರತಕ್ಕದ್ದು. ಅಡುಗೆಮನೆಯ ಜಿರಳೆಯ ಹಿಕ್ಕೆಯೂ ಮಕ್ಕಳ ಉಬ್ಬಸಕ್ಕೆ ಒಂದು ಪ್ರಮುಖ ಕಾರಣ. ರಾತ್ರಿ ಎಂಜಲು ಪಾತ್ರೆಗಳನ್ನು ಹಾಗೆಯೇ ಬಿಡದಿರುವುದು ಹಾಗೂ ಕಸದ ಬುಟ್ಟಿಯನ್ನು ಮುಚ್ಚಿಡುವುದು ಕೀಟನಾಶಕ ಸಿಂಪಡಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು. ಮಳೆಗಾಲದಲ್ಲಿ ಗೋಡೆ, ಬೀರು ಹಾಗೂ ಚರ್ಮದ ಸಾಮಾನುಗಳ ಮೇಲೆ ಬೂಷ್ಟು ಬಂದಲ್ಲಿ ಒರೆಸಿದರೆ ಸಾಲದು. ನೀರು ಸೋರುವ ಜಾಗವನ್ನು ದುರಸ್ತಿ ಮಾಡಿಸಬೇಕು. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಒಣಗಿಸಬಾರದು.

ಹೊಗೆ

ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಹಾಗೂ ಸೌದೆ ಒಲೆಯ ಹೊಗೆಯು ಸ್ವತಃ ಅಲರ್ಜಿಕಾರಕವಲ್ಲದಿದ್ದರೂ, ಈಗಾಗಲೇ ಸೂಕ್ಷ್ಮವಾಗಿರುವ ಮೂಗು ಮತ್ತು ಶ್ವಾಸನಾಳಗಳನ್ನು ಕೆರಳಿಸುತ್ತದೆ. ಒಂದು ಸೊಳ್ಳೆ ಬತ್ತಿ ಉರಿದಾಗ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳು ಹೊರಬೀಳುತ್ತವೆಯೆಂದು ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವು ಕಂಡುಕೊಂಡಿತು. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಬತ್ತಿ ಹಚ್ಚಿ, ಮಗುವಿಗೆ ಕೆಮ್ಮು ಏಕೆಂದು ಕೇಳುವ ಪೋಷಕರು ಇದನ್ನು ಗಮನಿಸಬೇಕು. ಡೆಂಗ್ಯೂ ಮುಂತಾದ ಜ್ವರಗಳ ಭೀತಿ ಇರುವುದರಿಂದ ಸೊಳ್ಳೆ ನಿಯಂತ್ರಣವನ್ನು ಕೈಬಿಡುವಂತಿಲ್ಲ. ಸೊಳ್ಳೆ ಪರದೆ ಹಾಗೂ ಕಿಟಕಿಗೆ ಜಾಲರಿ ಇದಕ್ಕೆ ಪರಿಹಾರ. ದೇವರ ಕೋಣೆಯ ಊದುಬತ್ತಿಯನ್ನು ಪೂರ್ತಿ ನಿಲ್ಲಿಸಲು ಮನಸ್ಸಿಲ್ಲದವರು ಕಿಟಕಿ ತೆರೆದಿಟ್ಟು, ಉಬ್ಬಸವಿರುವವರು ಆ ಹೊತ್ತು ಬೇರೆಡೆ ಇರುವಂತೆ ನೋಡಿಕೊಳ್ಳಬಹುದು.

ಪಾರ್ಥೇನಿಯಂ ಕಳೆಯಿಂದಾಗುವ ಚರ್ಮದ ಅಲರ್ಜಿ

ನಮ್ಮ ರಾಜ್ಯದ ರೈತರು, ಕೃಷಿ ಕಾರ್ಮಿಕರು ಹಾಗೂ ನಗರಗಳ ಖಾಲಿ ನಿವೇಶನಗಳ ಪಕ್ಕದ ನಿವಾಸಿಗಳು ವಿಶೇಷವಾಗಿ ತಿಳಿದಿರಬೇಕಾದ ಕಾರಣವಿದು. ಕಾಂಗ್ರೆಸ್ ಗಿಡವೆಂದು ಜನರು ಕರೆಯುವ ಪಾರ್ಥೇನಿಯಂ ಅಮೆರಿಕಾ ಖಂಡದ ಮೂಲದ್ದು. ಪುಣೆಯಲ್ಲಿ 1950ರ ದಶಕದ ಮಧ್ಯದಲ್ಲಿ ಗುರುತಿಸಲ್ಪಟ್ಟ ಈ ಕಳೆಯು ಕೆಲವೇ ದಶಕಗಳಲ್ಲಿ ದೇಶದ ಬಹುಭಾಗಕ್ಕೆ ಹರಡಿತು. ಹೂವಿನ ಪರಾಗದಿಂದ ಸೀನು ಮತ್ತು ಉಬ್ಬಸ ಬರಬಹುದು. ಅದಕ್ಕಿಂತ ಹೆಚ್ಚು ಕಾಡುವುದು ಗಿಡದಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕದಿಂದಾಗುವ ಇಸಬು. ಗಿಡವನ್ನು ಮುಟ್ಟದವರಿಗೂ ಇದು ಬರುತ್ತದೆ. ಒಣಗಿದ ಗಿಡದ ಪುಡಿ ಹಾಗೂ ಸೂಕ್ಷ್ಮ ರೋಮಗಳು ಗಾಳಿಯಲ್ಲಿ ತೇಲಿಬಂದು ಚರ್ಮದ ಮೇಲೆ ಕೂರುವುದೇ ಇದಕ್ಕೆ ಕಾರಣ.

ಮೊದಲ ವರ್ಷಗಳಲ್ಲಿ ಗಿಡ ಬೆಳೆದಿರುವ ಕಾಲದಲ್ಲಿ ಮಾತ್ರ ಕಾಣಿಸಿಕೊಳ್ಳುವ ತುರಿಕೆಯು ಕ್ರಮೇಣ ವರ್ಷವಿಡೀ ಉಳಿದು, ಚರ್ಮವು ಕಪ್ಪಾಗಿ ದಪ್ಪವಾಗುತ್ತದೆ. ಕೆಲಸ ಬಿಡುವ, ರಾತ್ರಿ ನಿದ್ರೆಯಿಲ್ಲದೆ ಕಳೆಯುವ ಸ್ಥಿತಿಗೆ ತಲುಪಿದ ರೈತರಿದ್ದಾರೆ. ಆದ್ದರಿಂದ ಆರಂಭದಲ್ಲಿಯೇ ಗುರುತಿಸುವುದು ಮುಖ್ಯ. ಮೇಲಿನ ಕಣ್ಣುರೆಪ್ಪೆ, ಕಿವಿಯ ಹಿಂಭಾಗ, ಗಲ್ಲದ ಕೆಳಗೆ, ಕತ್ತಿನ ಮಡಿಕೆ, ಮೊಣಕೈ ಹಾಗೂ ಮೊಣಕಾಲಿನ ಒಳಮಡಿಕೆ ಈ ಸ್ಥಳಗಳಲ್ಲಿ ಇಸಬು ಇದ್ದಲ್ಲಿ ಗಾಳಿಯಲ್ಲಿ ಬರುವ ವಸ್ತುವನ್ನು ಅನುಮಾನಿಸಬೇಕು. ಬಿಸಿಲಿನ ಅಲರ್ಜಿಯು ಸಾಮಾನ್ಯವಾಗಿ ನೆರಳಿನಲ್ಲಿರುವ ಈ ಭಾಗಗಳನ್ನು ಬಿಟ್ಟು, ಹಣೆ, ಕೆನ್ನೆ ಮತ್ತು ಮೂಗಿನ ಮೇಲೆ ಬರುತ್ತದೆ. ಪಾರ್ಥೇನಿಯಂ, ಸೇವಂತಿಗೆ ಮತ್ತು ಸೂರ್ಯಕಾಂತಿ ಒಂದೇ ಕುಟುಂಬದ ಸಸ್ಯಗಳಾಗಿರುವುದರಿಂದ, ಕೆಲವರಿಗೆ ಹಬ್ಬದ ದಿನ ಸೇವಂತಿಗೆ ಹೂ ಕಟ್ಟಿದಾಗಲೂ ತುರಿಕೆ ಮರುಕಳಿಸುತ್ತದೆ.

ಗಿಡವನ್ನು ಹೂ ಬಿಡುವ ಮುನ್ನವೇ, ನೆಲ ಹಸಿಯಿರುವಾಗ ಬೇರುಸಹಿತ ಕೀಳಬೇಕು. ಕೈಗವಸು ಹಾಗೂ ತುಂಬುತೋಳಿನ ಅಂಗಿ ಧರಿಸತಕ್ಕದ್ದು. ಈಗಾಗಲೇ ಅಲರ್ಜಿ ಇರುವವರು ಈ ಕೆಲಸಕ್ಕೆ ಇಳಿಯತಕ್ಕದ್ದಲ್ಲ. ಶಾಲಾ ಮಕ್ಕಳಿಂದ ಬರಿಗೈಯಲ್ಲಿ ಕೀಳಿಸುವ ಶ್ರಮದಾನಗಳು ಸದುದ್ದೇಶದವಾದರೂ ಅಪಾಯಕಾರಿ. ಒಣಗಿದ ಗಿಡಕ್ಕೆ ಮನೆಗಳ ಬಳಿ ಬೆಂಕಿ ಹಚ್ಚಬಾರದು. ಬೆಳೆಯಿಲ್ಲದ ಖಾಲಿ ಜಾಗದಲ್ಲಿ ಮಾತ್ರ, ಒಂದು ಲೀಟರ್ ನೀರಿಗೆ 150ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಬಿಸಿಲಿರುವ ದಿನ ಎಲೆಗಳ ಮೇಲೆ ಸಿಂಪಡಿಸಬಹುದು; ಹೊಲದಲ್ಲಿ ಇದನ್ನು ಬಳಸಿದರೆ ಮಣ್ಣು ಕೆಡುತ್ತದೆ. ಈ ಕಳೆಯ ಎಲೆ ತಿನ್ನುವ, ಬಿಳಿ ಮೈಮೇಲೆ ಕಂದು ಗೆರೆಗಳುಳ್ಳ ಪುಟ್ಟ ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮಳೆಗಾಲದಲ್ಲಿ ಗಿಡಗಳ ಮೇಲೆ ಇದು ಕಂಡುಬಂದಲ್ಲಿ ಕೊಲ್ಲಬಾರದು.

ಹೊಲದಿಂದ ಹಿಂದಿರುಗಿದ ಕೂಡಲೇ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಪ್ರತ್ಯೇಕವಾಗಿ ಒಗೆಯಬೇಕು. ಒಗೆದ ಬಟ್ಟೆಗಳನ್ನು ಬೇಲಿ ಹಾಗೂ ಪೊದೆಗಳ ಮೇಲೆ ಒಣಹಾಕುವ ರೂಢಿಯನ್ನು ಬಿಡತಕ್ಕದ್ದು. ಇಷ್ಟು ಮಾಡಿಯೂ ತುರಿಕೆ ನಿಲ್ಲದಿದ್ದಲ್ಲಿ ಚರ್ಮರೋಗ ತಜ್ಞರ ದೀರ್ಘಕಾಲದ ಚಿಕಿತ್ಸೆ ಅವಶ್ಯಕ. ಇದು ಮನೆಮದ್ದಿನಿಂದ ವಾಸಿಯಾಗುವ ತೊಂದರೆಯಲ್ಲ.

ಚರ್ಮಕ್ಕೆ ತಗುಲುವ ಇತರ ವಸ್ತುಗಳು

ಇಸಬು ಎದ್ದ ಜಾಗವೇ ಕಾರಣವನ್ನು ಹೇಳುತ್ತದೆ. ಹಣೆಯ ನಡುವೆ ಇದ್ದಲ್ಲಿ ಬಿಂದಿಯ ಅಂಟು, ಕಿವಿಹಾಲೆ ಅಥವಾ ಹೊಕ್ಕುಳ ಬಳಿ ಇದ್ದಲ್ಲಿ ಕೃತಕ ಆಭರಣ ಹಾಗೂ ಬೆಲ್ಟಿನ ಕೊಂಡಿಯಲ್ಲಿರುವ ನಿಕ್ಕಲ್, ಪಾದದ ಮೇಲೆ ಚಪ್ಪಲಿಯ ಪಟ್ಟಿಯ ಆಕಾರದಲ್ಲಿದ್ದಲ್ಲಿ ರಬ್ಬರು ಅಥವಾ ಚರ್ಮ ಹದಮಾಡಿದ ರಾಸಾಯನಿಕ. ಅಡುಗೆಯವರ ಎಡಗೈ ಬೆರಳ ತುದಿ ಬಿರಿಯುತ್ತಿದ್ದರೆ ಅದು ಬೆಳ್ಳುಳ್ಳಿಯಿಂದಾಗಿರಬಹುದು. ಗಾರೆ ಕೆಲಸದವರಿಗೆ ಸಿಮೆಂಟಿನಲ್ಲಿರುವ ಕ್ರೋಮಿಯಂ ಲವಣ ಕಾರಣ. ಬಿಂದಿಯ ಅಂಟಿನಿಂದ ಕೆಲವರಿಗೆ ಚರ್ಮ ಬಿಳುಪಾಗುವುದೂ ಉಂಟು. ಹಾಗೆ ಕಂಡ ಕೂಡಲೇ ಬಳಕೆ ನಿಲ್ಲಿಸತಕ್ಕದ್ದು.

ತಲೆಗೂದಲಿನ ಕಪ್ಪು ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕವು ತೀವ್ರ ಸ್ವರೂಪದ ಪ್ರತಿಕ್ರಿಯೆಯನ್ನು ಉಂಟುಮಾಡಬಲ್ಲದು. ಬೇಗ ಕಪ್ಪಾಗುವ ಮೆಹಂದಿಗೂ ಇದನ್ನು ಬೆರೆಸುವುದುಂಟು. ಒಮ್ಮೆ ಹಣೆ, ಕಿವಿ, ಕಣ್ಣು ಊದಿಕೊಂಡವರು ಇನ್ನೊಂದು ಕಂಪನಿಯ ಬಣ್ಣ ಪ್ರಯತ್ನಿಸುವುದರಿಂದ ಪ್ರಯೋಜನವಿಲ್ಲ. ಬಹುತೇಕ ಎಲ್ಲದರಲ್ಲಿಯೂ ಇದೇ ಅಥವಾ ಇದರ ಸಂಬಂಧಿ ರಾಸಾಯನಿಕವಿರುತ್ತದೆ. ಹಳ್ಳಿಗಳಲ್ಲಿ ಕೇರುಬೀಜದ ರಸ, ಗೇರುಬೀಜದ ಸಿಪ್ಪೆಯ ಎಣ್ಣೆ, ಮಾವಿನಕಾಯಿಯ ಸೊನೆ ಈ ಮೂರೂ ಒಂದೇ ಕುಟುಂಬದ ಮರಗಳವು. ಕೇರಿನಿಂದ ಬೊಬ್ಬೆ ಎದ್ದವರಿಗೆ ಮಾವಿನ ಸೊನೆಯೂ ಒಗ್ಗದಿರಬಹುದು. ಸೊನೆ ತೊಳೆದು ಸಿಪ್ಪೆ ತೆಗೆದ ಹಣ್ಣನ್ನು ಅವರಲ್ಲಿ ಹೆಚ್ಚಿನವರು ತಿನ್ನಬಲ್ಲರು.

ಹೊಸ ಮುಲಾಮು ಅಥವಾ ಸೌಂದರ್ಯವರ್ಧಕವನ್ನು ಮುಖಕ್ಕೆ ಹಚ್ಚುವ ಮೊದಲು, ಮೊಣಕೈಯ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿಯಂತೆ 7 ದಿನ ಹಚ್ಚಿ ನೋಡಬಹುದು. ಕೂದಲ ಬಣ್ಣ ಹಾಗೂ ಸಾಬೂನಿಗೆ ಈ ವಿಧಾನ ಸಲ್ಲದು. ಅರಿಶಿನ, ಬೇವಿನ ಲೇಪಗಳು ಗಿಡಮೂಲಿಕೆಯಾದ ಮಾತ್ರಕ್ಕೆ ಎಲ್ಲರಿಗೂ ನಿರಪಾಯಕಾರಿಯಲ್ಲ; ಒಡೆದ ಚರ್ಮಕ್ಕೆ ಇವುಗಳನ್ನು ಹಚ್ಚಿ ಇಸಬು ಹೆಚ್ಚಿದ ನಿದರ್ಶನಗಳಿವೆ.

ಆಹಾರ

ಅಲರ್ಜಿಯೆಂದೊಡನೆ ಬದನೆಕಾಯಿ, ಕುಂಬಳಕಾಯಿ, ಮೊಟ್ಟೆ, ಮೀನು ಎಲ್ಲವನ್ನೂ ಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಕರ್ನಾಟಕದ ವಯಸ್ಕರನ್ನು ಕುರಿತು ಮೈಸೂರಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಸುಮಾರು ನಾಲ್ವರಲ್ಲಿ ಒಬ್ಬರ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಪ್ರತಿಕಾಯವಿದ್ದುದು ಕಂಡುಬಂದಿತಾದರೂ, ಆಹಾರದ ಅಲರ್ಜಿ ಇರುವ ಸಂಭವವಿದ್ದವರು ಶೇ. 1.2ರಷ್ಟು ಮಂದಿ ಮಾತ್ರ. ರಕ್ತದಲ್ಲಿ ಪ್ರತಿಕಾಯವಿರುವುದು ಬೇರೆ, ತಿಂದಾಗ ತೊಂದರೆಯಾಗುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪರೀಕ್ಷಾ ವರದಿಯನ್ನು ಹಿಡಿದು ಹಾಲು, ಮೊಟ್ಟೆ, ಕಾಳುಗಳನ್ನು ನಿಲ್ಲಿಸಿದ ಮಕ್ಕಳು ಅಪೌಷ್ಟಿಕತೆಗೆ ಒಳಗಾಗುವ ಅಪಾಯವಿದೆ.

ಒಂದು ಪದಾರ್ಥವನ್ನು ಸೇವಿಸಿದ ಪ್ರತಿ ಬಾರಿಯೂ 2 ಗಂಟೆಯೊಳಗೆ ಗಂಧೆ, ತುಟಿಯ ಊತ ಅಥವಾ ವಾಂತಿ ಆಗುತ್ತಿದ್ದಲ್ಲಿ ಮಾತ್ರ ಅದನ್ನು ಬಲವಾಗಿ ಅನುಮಾನಿಸಬೇಕು. ಸೌಮ್ಯ ತೊಂದರೆಯಿದ್ದು ಸಂದೇಹವಿದ್ದಲ್ಲಿ ಆ ಒಂದು ಪದಾರ್ಥವನ್ನು 2ರಿಂದ 4 ವಾರ ಬಿಟ್ಟು, ಲಕ್ಷಣಗಳು ಇಳಿದವೇ ಎಂದು ದಾಖಲೆ ಪುಸ್ತಕದಲ್ಲಿ ನೋಡಿ, ಪುನಃ ಸೇವಿಸಿ ಪರಿಶೀಲಿಸಬಹುದು. ಉಸಿರುಕಟ್ಟುವಿಕೆ, ಊತ ಅಥವಾ ಮೂರ್ಛೆ ಆಗಿದ್ದವರು, ಉಬ್ಬಸವಿರುವವರು ಹಾಗೂ ಚಿಕ್ಕ ಮಕ್ಕಳಿಗೆ ಮನೆಯಲ್ಲಿ ಈ ಪ್ರಯೋಗವನ್ನು ಎಂದಿಗೂ ಮಾಡತಕ್ಕದ್ದಲ್ಲ. ಪೊಟ್ಟಣದ ಆಹಾರಗಳ ಮೇಲೆ ಹಾಲು, ಮೊಟ್ಟೆ, ಮೀನು, ಸೀಗಡಿ ವರ್ಗ, ಶೇಂಗಾ ಮತ್ತು ಗೋಡಂಬಿಯಂತಹ ಬೀಜಗಳು, ಸೋಯಾ, ಗೋಧಿಯಂತಹ ಧಾನ್ಯಗಳು ಇವೆಯೇ ಎಂಬುದನ್ನು ನಮೂದಿಸುವುದು 2020ರ ಆಹಾರ ಸುರಕ್ಷತಾ ಲೇಬಲ್ ನಿಯಮಾವಳಿಗಳ ಪ್ರಕಾರ ಕಡ್ಡಾಯ.

ಗಂಧೆಯು 6 ವಾರಗಳಿಗಿಂತ ಹೆಚ್ಚು ಕಾಲ ದಿನವೂ ಬರುತ್ತಿದ್ದಲ್ಲಿ, ಹೆಚ್ಚಿನ ರೋಗಿಗಳಲ್ಲಿ ಹೊರಗಿನ ಯಾವ ಕಾರಣವೂ ಸಿಗುವುದಿಲ್ಲ. ಪಥ್ಯ ಮಾಡಿ ಮೈ ಸೊರಗಿಸಿಕೊಳ್ಳುವ ಬದಲು ವೈದ್ಯರು ಸೂಚಿಸಿದ ಮಾತ್ರೆಯನ್ನು ನಿಯಮಿತವಾಗಿ ತೆಗೆದುಕೊಳ್ಳುವುದೇ ಮಾರ್ಗ. ಮೈಕೈ ನೋವಿನ ಮಾತ್ರೆಗಳು ಇಂತಹ ಗಂಧೆಯನ್ನು ಹೆಚ್ಚಿಸಬಲ್ಲವಾದ್ದರಿಂದ ಅವುಗಳ ಸೇವನೆಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಪರೀಕ್ಷೆಗಳು

ಸೀನು, ಉಬ್ಬಸ ಹಾಗೂ ಆಹಾರದ ಅಲರ್ಜಿಗೆ ಚರ್ಮ ಚುಚ್ಚು ಪರೀಕ್ಷೆ ಇದ್ದು, 15-20 ನಿಮಿಷಗಳಲ್ಲಿ ಫಲಿತಾಂಶ ತಿಳಿಯುತ್ತದೆ. ಇದಕ್ಕೆ ಮುನ್ನ ಸುಮಾರು ಒಂದು ವಾರ ಸೆಟಿರಿಜಿನ್ ಮುಂತಾದ ಅಲರ್ಜಿ ಮಾತ್ರೆಗಳನ್ನು ನಿಲ್ಲಿಸಿರಬೇಕಾಗಿದ್ದು, ಇದನ್ನು ತಿಳಿಯದೆ ದೂರದ ಊರಿನಿಂದ ಬಂದು ಹಿಂದಿರುಗುವವರಿದ್ದಾರೆ. ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಇಸಬಿಗೆ ಮಾಡುವುದು ಪಟ್ಟಿ ಪರೀಕ್ಷೆ. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆ ನೀರು ತಗುಲದಂತೆ ಇಟ್ಟುಕೊಂಡು, ಆ ನಂತರವೂ ಮತ್ತೊಮ್ಮೆ ತೋರಿಸಬೇಕಾದ್ದರಿಂದ 4-5 ದಿನಗಳ ಬಿಡುವು ಮಾಡಿಕೊಂಡು ಬರತಕ್ಕದ್ದು. ರಕ್ತದಲ್ಲಿನ ಒಟ್ಟು ಐಜಿಇ ಪ್ರಮಾಣವು ಕಾರಣವನ್ನು ತಿಳಿಸುವುದಿಲ್ಲ. ನೂರಾರು ಆಹಾರಗಳ ಪಟ್ಟಿ ನೀಡುವ ಐಜಿಜಿ ಪರೀಕ್ಷೆ ಹಾಗೂ ಕೂದಲ ಪರೀಕ್ಷೆಗಳಿಗೆ ಅಲರ್ಜಿ ಪತ್ತೆಯಲ್ಲಿ ವೈಜ್ಞಾನಿಕ ಆಧಾರವಿಲ್ಲ. ಇವುಗಳಿಗೆ ಹಣ ವ್ಯಯಿಸದಿರುವುದು ಸೂಕ್ತ.

ಮನೆಯಲ್ಲಿ ಉಪಶಮನ

ಮೂಗಿನ ತೊಂದರೆಗೆ ಉಪ್ಪುನೀರಿನಿಂದ ಮೂಗು ತೊಳೆಯುವುದು ಸರಳ ಹಾಗೂ ಪರಿಣಾಮಕಾರಿ. ಚೆನ್ನಾಗಿ ಕುದಿಸಿ ಆರಿಸಿದ 250 ಮಿ.ಲೀ. ನೀರಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ, ತಲೆ ಬಾಗಿಸಿ ಒಂದು ಹೊಳ್ಳೆಯಿಂದ ಬಿಟ್ಟು ಇನ್ನೊಂದರಿಂದ ಹೊರಬರುವಂತೆ ಮಾಡಬೇಕು. ಜಲನೇತಿ ಅಭ್ಯಾಸವಿರುವವರಿಗೆ ಇದು ಪರಿಚಿತ. ನಲ್ಲಿ, ಬಾವಿ, ಕೆರೆಯ ನೀರನ್ನು ಕುದಿಸದೆ ಬಳಸಿದಲ್ಲಿ ಮಿದುಳಿಗೆ ಮಾರಕವಾದ ಅಮೀಬಾ ಸೋಂಕು ತಗುಲುವ ಅಪಾಯವಿದ್ದು, ಈ ವಿಷಯದಲ್ಲಿ ಯಾವುದೇ ವಿನಾಯಿತಿ ಸಲ್ಲದು. ಮಕ್ಕಳಿಗೆ ಕುದಿನೀರಿನ ಪಾತ್ರೆಯ ಮುಂದೆ ಹಬೆ ಕೊಡಿಸುವುದು ಸುಟ್ಟ ಗಾಯಗಳಿಗೆ ಕಾರಣವಾಗುವುದರಿಂದ ಬೇಡ. ಕಣ್ಣಿನ ತುರಿಕೆಗೆ ಹಾಗೂ ಗಂಧೆಗೆ ತಣ್ಣೀರಿನ ಬಟ್ಟೆ ಇಡಬಹುದು. ಒಣ ಚರ್ಮದವರು ಉಗುರುಬೆಚ್ಚಗಿನ ನೀರಿನ ಸ್ನಾನದ ನಂತರ ಮೈ ಆರುವ ಮುನ್ನವೇ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಬೇಕು.

ಔಷಧಗಳ ಬಗ್ಗೆ ಕೆಲವು ಎಚ್ಚರಿಕೆಗಳನ್ನು ನೀಡುವುದು ಅಗತ್ಯ. ಮೂಗು ಕಟ್ಟಿದಾಗ ಹಾಕುವ ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಹನಿಗಳನ್ನು 5 ದಿನಕ್ಕಿಂತ ಹೆಚ್ಚು ಬಳಸಿದಲ್ಲಿ ಮೂಗು ಇನ್ನಷ್ಟು ಕಟ್ಟುತ್ತದೆ. ಹಳೆಯ ಬಗೆಯ ಅಲರ್ಜಿ ಮಾತ್ರೆಗಳು ನಿದ್ರೆ ತರುವುದರಿಂದ ವಾಹನ ಚಾಲಕರು ಹಾಗೂ ಯಂತ್ರದ ಮೇಲೆ ಕೆಲಸ ಮಾಡುವವರು ಸೇವಿಸಬಾರದು. ಅಲರ್ಜಿ ಮಾತ್ರೆಯೊಂದಿಗೆ ಬೆರೆತು ಬರುವ ಮಾಂಟೆಲುಕಾಸ್ಟ್ ಔಷಧದಿಂದ ಕೆಲವರಲ್ಲಿ ಖಿನ್ನತೆ, ದುಃಸ್ವಪ್ನ, ವರ್ತನೆಯ ಬದಲಾವಣೆ ಆಗಬಹುದೆಂದು ಅಮೆರಿಕಾದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿದೆ. ಮಕ್ಕಳ ಸ್ವಭಾವದಲ್ಲಿ ಹಠಾತ್ ಬದಲಾವಣೆ ಕಂಡಲ್ಲಿ ಪೋಷಕರು ವೈದ್ಯರನ್ನು ಕಾಣಬೇಕು.

ಎಲ್ಲಕ್ಕಿಂತ ಹೆಚ್ಚಿನ ಹಾನಿ ಸ್ಟಿರಾಯ್ಡ್‌ಗಳ ದುರ್ಬಳಕೆಯಿಂದ ಆಗುತ್ತಿದೆ. ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ನಿಯಮ ಬಿಗಿಗೊಳಿಸಲಾಗಿದ್ದರೂ, ಅಂಗಡಿಯಲ್ಲಿ ಕೇಳಿ ತಂದು ಮುಖಕ್ಕೆ ಹಚ್ಚುವುದು ನಿಂತಿಲ್ಲ. ಚರ್ಮ ತೆಳುವಾಗುವುದು, ಮೊಡವೆ, ಹುಳುಕಡ್ಡಿ ಹರಡುವುದು ಇದರ ಫಲ. ಸ್ಟಿರಾಯ್ಡ್ ಮಾತ್ರೆಗಳನ್ನು ತಾವಾಗಿಯೇ ತಿಂಗಳುಗಟ್ಟಲೆ ನುಂಗಿದವರಲ್ಲಿ ಮಧುಮೇಹ, ರಕ್ತದೊತ್ತಡ ಹಾಗೂ ಮೂಳೆ ಸವೆತ ಕಾಣಿಸಿಕೊಳ್ಳಬಹುದು. ದೀರ್ಘಕಾಲ ಸೇವಿಸಿದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯಕಾರಿ. ಇದಕ್ಕೆ ವ್ಯತಿರಿಕ್ತವಾಗಿ, ಉಬ್ಬಸಕ್ಕೆ ವೈದ್ಯರು ಬರೆದುಕೊಟ್ಟ ಇನ್ಹೇಲರ್‌ನಲ್ಲಿ ಔಷಧದ ಪ್ರಮಾಣ ಅತ್ಯಲ್ಪ. ಅದು ಚಟವಾಗುತ್ತದೆಂಬ ಭಯದಿಂದ ಬಿಟ್ಟವರೇ ರಾತ್ರೋರಾತ್ರಿ ತುರ್ತು ಚಿಕಿತ್ಸಾ ಘಟಕಕ್ಕೆ ಬರುತ್ತಾರೆ.

ಆಸ್ಪತ್ರೆಗೆ ಬರುವಾಗ

ಮೊದಲ ಹಂತದಲ್ಲಿ ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಗರಗಳಲ್ಲಿ ನಮ್ಮ ಕ್ಲಿನಿಕ್‌ನಲ್ಲಿ ತೋರಿಸಿಕೊಳ್ಳುವುದು. ದೂರದಲ್ಲಿರುವವರು ಇ-ಸಂಜೀವಿನಿ ದೂರ ವೈದ್ಯಕೀಯ ಸೇವೆಯ ಮೂಲಕ ಉಚಿತವಾಗಿ ಸಲಹೆ ಪಡೆಯಬಹುದು. ಚರ್ಮರೋಗ, ಕಿವಿ-ಮೂಗು-ಗಂಟಲು ಹಾಗೂ ಶ್ವಾಸಕೋಶ ತಜ್ಞರ ಅಗತ್ಯವಿದ್ದಲ್ಲಿ ಅಲ್ಲಿನ ವೈದ್ಯಾಧಿಕಾರಿಗಳು ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಶಿಫಾರಸು ಮಾಡುವರು. ಚುಚ್ಚು ಪರೀಕ್ಷೆ ಹಾಗೂ ಪಟ್ಟಿ ಪರೀಕ್ಷೆಗಳು ಎಲ್ಲ ಆಸ್ಪತ್ರೆಗಳಲ್ಲಿ ಲಭ್ಯವಿರುವುದಿಲ್ಲವಾದ್ದರಿಂದ, ಹೊರಡುವ ಮುನ್ನ ದೂರವಾಣಿ ಮೂಲಕ ವಿಚಾರಿಸಿಕೊಳ್ಳತಕ್ಕದ್ದು.

ಬರುವಾಗ ದಾಖಲೆ ಪುಸ್ತಕ, ಹಿಂದಿನ ಎಲ್ಲ ಚೀಟಿಗಳು, ಸೇವಿಸುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳು, ಅನುಮಾನವಿರುವ ಮುಲಾಮು ಅಥವಾ ಬಣ್ಣದ ಪೊಟ್ಟಣ ಇವುಗಳನ್ನು ತರಬೇಕು. ಗಂಧೆಯು ಕೆಲವು ಗಂಟೆಗಳಲ್ಲಿ ಮಾಯವಾಗುವುದರಿಂದ ಎದ್ದಾಗಲೇ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಉಪಯುಕ್ತ. ಈ ಹಿಂದೆ ಯಾವುದಾದರೂ ಔಷಧದಿಂದ ತೊಂದರೆಯಾಗಿದ್ದಲ್ಲಿ ಅದರ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದ ಚೀಟಿಯೊಂದನ್ನು ಸದಾ ಜೇಬಿನಲ್ಲಿ ಅಥವಾ ಪರ್ಸಿನಲ್ಲಿ ಇಟ್ಟುಕೊಂಡಿರಬೇಕು ಹಾಗೂ ದಂತ ವೈದ್ಯರೂ ಸೇರಿದಂತೆ ಪ್ರತಿಯೊಬ್ಬ ವೈದ್ಯರಿಗೂ ಅದನ್ನು ಮೊದಲು ತೋರಿಸತಕ್ಕದ್ದು.